ಮೂರನೆಯವನು ಯಾರು?

ವಿಮೆಯ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರೆದವರು ಕಡಿಮೆ. ಭೂಮಿಯ ಬಗ್ಗೆ, ಗುಡಿಯ ಬಗ್ಗೆ, ಬಾವಿಯ ಬಗ್ಗೆ, ಹೋಟೆಲಿನ ಎರಡು ಲೋಟದ ಬಗ್ಗೆ ಬರೆದದ್ದು ರಾಶಿಗಟ್ಟಲೆ ಇದೆ. ‘ಕಳಕೊಳ್ಳಾಕ ಏನರ ಇದ್ದವಗ ವಿಮಾ, ನಮಗೆಂಥಾ ವಿಮಾರಿ?’ ಎಂಬ ಮಾತು ನಮ್ಮ ಕೇರಿಗಳಲ್ಲಿ ಎಷ್ಟು ಸಹಜವೆಂದರೆ ಅದನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಹೊಲವಿಲ್ಲದವನಿಗೂ ಮನೆಯ ಪಟ್ಟಾ ಇಲ್ಲದವನಿಗೂ ಎರಡು ಕೈ ಇರುತ್ತವೆ. ಆ ಕೈ ಸುಟ್ಟರೆ ಮನೆಯ ಒಲೆ ಆರುತ್ತದೆ. ಹಾಗಿದ್ದ ಮೇಲೆ ಕಳೆದುಕೊಳ್ಳಲು ಏನೂ ಇಲ್ಲ ಎಂಬ ಮಾತನ್ನು ನಮಗೆ ಕಲಿಸಿದವರು ಯಾರು?

ಈ ಪ್ರಶ್ನೆ ಏಳಲು ಕಾರಣ ಒಂದು ಕರಾರು ಪತ್ರ. ಅದನ್ನು ತಂದವನು ಸವಣೂರು ತಾಲೂಕಿನ ಯಲವಿಗಿಯ ಹತ್ತಿರದ ಹಳ್ಳಿಯ ನಮ್ಮ ಗೆಳೆಯ. ಬಿ.ಕಾಂ. ಮುಗಿಸಿದವನು, ಹುಬ್ಬಳ್ಳಿಯ ಅಂಗಡಿಗಳಲ್ಲಿ ದುಡಿದವನು. ಊರೂರಿಗೆ ಒಂದೇ ಬಣ್ಣದ ಬೋರ್ಡು ಹಾಕಿಕೊಂಡು ಕರಿದ ಕೋಳಿ, ಬರ್ಗರು, ಪಿಜ್ಜಾ ಮಾರುವ ಕಂಪನಿಗಳಿವೆಯಲ್ಲ, ಅಂಥದೊಂದು ಕಂಪನಿಯ ಅಂಗಡಿಯನ್ನು ಹುಬ್ಬಳ್ಳಿಯಲ್ಲಿ ಹಿಡಿಯಬೇಕೆಂದು ಅವನ ಆಸೆ. ಕಂಪನಿಯ ಹೆಸರು ಇಲ್ಲಿ ಬೇಡ; ಇಂಥ ಕರಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನವು. ಇಂಗ್ಲಿಷಿನ ಆ ಕಾಗದವನ್ನು ನಮ್ಮ ಮುಂದಿಟ್ಟು, ‘ಇದರಾಗ ವಿಮಾದ್ದೇ ನಾಕು ಪುಟ ಐತ್ರಿ ಸರ, ಒಂಚೂರು ಬಿಡಿಸಿ ಹೇಳ್ರಿ’ ಎಂದ.

ಇದನ್ನು ಫ್ರಾಂಚೈಸಿ ಎನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಇದು ಹೆಸರಿನ ಲಾವಣಿ. ಕಂಪನಿ ಕೊಡುವುದು ಹೆಸರು, ಬೋರ್ಡಿನ ಬಣ್ಣ, ಮಸಾಲೆಯ ಅಳತೆ, ಎಣ್ಣೆ ಎಷ್ಟು ಕಾಯಬೇಕೆಂಬ ಕಟ್ಟಳೆ. ಜಾಗದ ಬಾಡಿಗೆ, ಒಲೆ, ಫ್ರಿಜ್ಜು, ಆಳುಗಳ ಪಗಾರ, ಬ್ಯಾಂಕಿನ ಸಾಲ ಎಲ್ಲವೂ ಅಂಗಡಿ ಹಿಡಿದವನವು. ಮೊದಲಿಗೆ ಒಂದು ಗಂಟು ಕಟ್ಟಬೇಕು. ಆಮೇಲೆ ತಿಂಗಳು ತಿಂಗಳು ವ್ಯಾಪಾರದ ಇಂತಿಷ್ಟು ಪಾಲು ಕಂಪನಿಗೆ. ಲಾಭವಾಗಲಿ ನುಕ್ಸಾನಾಗಲಿ, ಪಾಲು ವ್ಯಾಪಾರದ ಮೇಲೆ. ಹೊಲದ ಲಾವಣಿಯನ್ನು ಉಂಡವರಿಗೆ ಈ ಲೆಕ್ಕ ಹೊಸದಲ್ಲ. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ತಿದ್ದುಪಡಿ ಬಂದು ಗೇಣಿ ಪದ್ಧತಿ ಕಾಗದದ ಮೇಲಾದರೂ ಹೋಯಿತು. ಹೊಲದ ಒಡೆಯ ಹೋದ. ಹೆಸರಿನ ಒಡೆಯ ಬಂದ. ಒಂದು ಫರಕು ಇದೆ. ಹಳೆಯ ಒಡೆಯ ಎಷ್ಟೇ ಕ್ರೂರಿಯಾಗಿದ್ದರೂ, ‘ನನ್ನ ಮೇಲೆ ಯಾರಾದರೂ ಕೇಸು ಹಾಕಿದರೆ ಅದರ ಖರ್ಚಿಗೂ ನೀನೇ ವಿಮೆ ಮಾಡಿಸು’ ಎಂದು ರೈತನಿಗೆ ಹೇಳುವ ಬುದ್ಧಿ ಅವನಿಗಿರಲಿಲ್ಲ.

ಆ ನಾಲ್ಕು ಪುಟ ಹೇಳುವುದು ಇದನ್ನೇ. ಕಟ್ಟಡಕ್ಕೂ ಯಂತ್ರಗಳಿಗೂ ಬೆಂಕಿಯ ವಿಮೆ ಬೇಕು. ಐದು ಕೋಟಿಯೊಳಗಿನ ಆಸ್ತಿಯ ಉದ್ದಿಮೆಗಳಿಗೆ 2021ರ ಏಪ್ರಿಲ್‌ನಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿ ಬಂದಿದೆ. ಬೆಂಕಿ, ಸಿಡಿಲು, ನೆರೆ, ಭೂಕಂಪ, ದೊಂಬಿ ಎಲ್ಲ ಅದರಲ್ಲಿ ಸೇರುತ್ತವೆ. ಕಳವಿಗೆ ಬೇರೆ. ಮುಂದಿನ ದೊಡ್ಡ ಗಾಜಿಗೆ ಬೇರೆ. ಬಂದ ಗಿರಾಕಿ ಜಾರಿ ಬಿದ್ದು ಕಾಲು ಮುರಿದರೆ ಕೊಡಬೇಕಾದ ಪರಿಹಾರಕ್ಕೆ ಸಾರ್ವಜನಿಕ ಹೊಣೆಯ ವಿಮೆ. ತಿಂದ ಪದಾರ್ಥದಿಂದ ಹೊಟ್ಟೆ ಕೆಟ್ಟರೆ ಪದಾರ್ಥದ ಹೊಣೆಯ ವಿಮೆ. ಬೆಂಕಿ ಬಿದ್ದು ಅಂಗಡಿ ಮುಚ್ಚಿದ್ದಾಗ ಹೋಗುವ ಲಾಭಕ್ಕೂ ಒಂದು ವಿಮೆ. ಕೆಲಸಗಾರರಿಗೆ ಕಾನೂನು ಎಷ್ಟು ಹೇಳುತ್ತದೋ ಅಷ್ಟು. ಈ ಪಾಲಿಸಿಗಳ ಕಂತು ಕಟ್ಟುವವನು ನಮ್ಮ ಗೆಳೆಯ. ಆದರೆ ಹೊಣೆಯ ಪಾಲಿಸಿಗಳಲ್ಲೆಲ್ಲ ಅವನ ಹೆಸರಿನ ಜೊತೆಗೆ ಕಂಪನಿಯ ಹೆಸರನ್ನೂ ರಕ್ಷಣೆ ಪಡೆಯುವವರ ಸಾಲಿನಲ್ಲಿ ಬರೆಸಬೇಕು. ಬ್ಯಾಂಕಿನ ಸಾಲವಿರುವುದರಿಂದ ಬೆಂಕಿಯ ವಿಮೆಯ ಹಣ ಬಂದರೆ ಅದು ಮೊದಲು ಬ್ಯಾಂಕಿಗೆ. ಇದಿಷ್ಟೂ ಸಾಲದೆಂಬಂತೆ ಕೊನೆಗೆ ಇನ್ನೊಂದು ಕಲಮು: ಅಂಗಡಿಯಿಂದ ಹುಟ್ಟುವ ಯಾವ ತಕರಾರಿನಲ್ಲೂ ಕಂಪನಿಗೆ ಒಂದು ಪೈಸೆ ನಷ್ಟವಾಗದಂತೆ ನೋಡಿಕೊಳ್ಳುವ ಹೊಣೆ ಅಂಗಡಿಯವನದು. ಒಂದು ಕಂತು ತಪ್ಪಿದರೂ ಕರಾರು ಮುರಿಯುವ ಹಕ್ಕು ಕಂಪನಿಯದು.

‘ರೊಕ್ಕ ನಂದು, ಹೆಸರು ಅವರದು ಯಾಕ್ರಿ?’ ಎಂದು ಗೆಳೆಯ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಆದರೆ ಅವನ ಸಿಟ್ಟನ್ನಷ್ಟೇ ಬರೆದು ಈ ಲೇಖನ ಮುಗಿಸಿದರೆ ಇದು ಸಣ್ಣ ಬಂಡವಾಳಗಾರ ದೊಡ್ಡ ಬಂಡವಾಳಗಾರನ ಮೇಲೆ ಹೇಳುವ ದೂರಾಗಿ ಉಳಿಯುತ್ತದೆ. ಕಂಪನಿ ಗೆಳೆಯನಿಗೆ ಮಾಡಿದ್ದನ್ನು ಗೆಳೆಯ ತನ್ನ ಕೆಳಗಿನವನಿಗೆ ಮಾಡುವುದಿಲ್ಲವೇ ಎಂಬುದನ್ನೂ ಕೇಳಬೇಕಾಗುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ವಿಮೆ ಮಾಡಿಸು ಎಂದು ಕಡ್ಡಾಯ ಮಾಡುವುದು ತಪ್ಪಲ್ಲ. 1992ರಲ್ಲಿ ಅಮೆರಿಕದ ಆಲ್ಬುಕರ್ಕಿ ಎಂಬ ಊರಲ್ಲಿ 79 ವರ್ಷದ ಅಜ್ಜಿಯೊಬ್ಬರು ಮೆಕ್‌ಡೊನಾಲ್ಡ್ಸ್‌ನಲ್ಲಿ ಕೊಂಡ ಕಾಫಿ ತೊಡೆಯ ಮೇಲೆ ಚೆಲ್ಲಿ, ಚರ್ಮ ಕಸಿ ಮಾಡಿಸಿಕೊಳ್ಳುವಷ್ಟು ಆಳವಾಗಿ ಸುಟ್ಟುಕೊಂಡರು. ಅದಕ್ಕೂ ಮೊದಲಿನ ಹತ್ತು ವರ್ಷಗಳಲ್ಲಿ ಸುಮಾರು 700 ಜನ ಅದೇ ಕಾಫಿಯಿಂದ ಸುಟ್ಟುಕೊಂಡ ದೂರುಗಳು ಕಂಪನಿಯ ಬಳಿ ಇದ್ದವು. 1994ರಲ್ಲಿ ಜ್ಯೂರಿ ಸುಮಾರು 28 ಲಕ್ಷ ಡಾಲರ್ ಪರಿಹಾರ ಹೇಳಿತು. ನ್ಯಾಯಾಧೀಶರು ಅದನ್ನು ಬಹಳ ಕಡಿಮೆ ಮಾಡಿದರು. ಕಡೆಗೆ ಕೋರ್ಟಿನ ಹೊರಗೆ ರಾಜಿಯಾಯಿತು. ಕಾಫಿ ಚೆಲ್ಲಿಕೊಂಡು ಕೋಟಿ ಗಳಿಸಿದಳೆಂದು ಜಗತ್ತು ಆ ಅಜ್ಜಿಯನ್ನು ನೋಡಿ ನಕ್ಕಿತು. ನಗುವಂಥದ್ದು ಅದರಲ್ಲಿ ಏನೂ ಇಲ್ಲ. ಸುಟ್ಟ ಮೈಗೆ ಯಾರಾದರೂ ಜವಾಬ್ದಾರರಾಗಬೇಕು, ಆ ಜವಾಬ್ದಾರಿ ನಿಭಾಯಿಸಲು ಹಣ ಎಲ್ಲಾದರೂ ಕೂಡಿರಬೇಕು. ವಿಮೆಯ ಒಳ್ಳೆಯ ಅರ್ಥ ಇಷ್ಟೇ.

ಡಾ. ಅಂಬೇಡ್ಕರ್ ಈ ಅರ್ಥವನ್ನು ಎಲ್ಲರಿಗಿಂತ ಮುಂದಕ್ಕೆ ಒಯ್ದವರು. 1942ರಿಂದ 1946ರವರೆಗೆ ಅವರು ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದರು. ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ಪ್ರೊ. ಬಿ.ಪಿ. ಅಡಾರ್ಕರ್ ವರದಿ ಕೊಟ್ಟದ್ದು ಅದೇ ಕಾಲದಲ್ಲಿ, 1944ರಲ್ಲಿ. ಅದರಿಂದ ಬೆಳೆದದ್ದೇ 1948ರ ನೌಕರರ ರಾಜ್ಯ ವಿಮಾ ಕಾಯ್ದೆ, ಅಂದರೆ ನಾವು ಇಎಸ್‌ಐ ಎನ್ನುವುದು. 1947ರಲ್ಲಿ ಪ್ರಕಟವಾದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ನಲ್ಲಿ ಬಾಬಾಸಾಹೇಬರು ಇನ್ನೂ ಮುಂದೆ ಹೋದರು. ವಿಮೆ ಸರ್ಕಾರದ ಏಕಸ್ವಾಮ್ಯವಾಗಬೇಕು, ಪ್ರತಿಯೊಬ್ಬ ವಯಸ್ಕ ಪ್ರಜೆಯೂ ತನ್ನ ಕೂಲಿಗೆ ತಕ್ಕ ಜೀವ ವಿಮೆ ಮಾಡಿಸುವಂತೆ ಸರ್ಕಾರ ಕಡ್ಡಾಯ ಮಾಡಬೇಕು, ಇದನ್ನು ಸಂವಿಧಾನದಲ್ಲೇ ಬರೆಯಬೇಕು ಎಂಬುದು ಅವರ ಸಲಹೆ. ಅದು ಸಂವಿಧಾನಕ್ಕೆ ಬರಲಿಲ್ಲ. ಜೀವ ವಿಮೆ 1956ರಲ್ಲಿ, ಸಾಮಾನ್ಯ ವಿಮೆ 1973ರ ಆರಂಭದಲ್ಲಿ ರಾಷ್ಟ್ರೀಕರಣವಾದವು. 1999ರ ಕಾಯ್ದೆಯ ನಂತರ ಖಾಸಗಿಯವರಿಗೆ ಬಾಗಿಲು ಮತ್ತೆ ತೆರೆಯಿತು. ಆದರೆ ‘ಪ್ರತಿಯೊಬ್ಬ’ ಎಂಬ ಆ ಮಾತು ಮಾತ್ರ ರಾಷ್ಟ್ರೀಕರಣದಲ್ಲೂ ಬರಲಿಲ್ಲ, ಖಾಸಗೀಕರಣದಲ್ಲೂ ಬರಲಿಲ್ಲ.

ಬಾಬಾಸಾಹೇಬರೂ ಕಡ್ಡಾಯ ಎಂದರು, ಕಂಪನಿಯೂ ಕಡ್ಡಾಯ ಎನ್ನುತ್ತದೆ. ಎರಡೂ ಒಂದೇ ಪದ. ಒಂದು ಕಡ್ಡಾಯದಲ್ಲಿ ಕೆಳಗಿನವನ ಬದುಕು ಮುರಿಯದಿರಲೆಂದು ಎಲ್ಲರೂ ಕೂಡಿ ಕಟ್ಟುತ್ತಾರೆ. ಇನ್ನೊಂದರಲ್ಲಿ ಮೇಲಿನವನ ಹೆಸರಿಗೆ ಮಸಿ ಹತ್ತದಿರಲೆಂದು ಕೆಳಗಿನವನು ಕಟ್ಟುತ್ತಾನೆ. ಹೀಗಾಗಿ ವಿಮೆ ಬೇಕೋ ಬೇಡವೋ ಎಂಬುದಲ್ಲ ನಮ್ಮ ತಕರಾರು. ಅಪಾಯ ಯಾವ ಕಡೆಗೆ ಹರಿಯುತ್ತದೆ, ರಕ್ಷಣೆ ಯಾವ ಕಡೆಗೆ ಹರಿಯುತ್ತದೆ ಎಂಬುದು. ಜಾತಿ ವ್ಯವಸ್ಥೆಯಲ್ಲಿ ಪುಣ್ಯ ಮೇಲಕ್ಕೆ ಏರುತ್ತದೆ, ಮೈಲಿಗೆ ಕೆಳಕ್ಕೆ ಇಳಿಯುತ್ತದೆ. ನಾಲ್ಕು ಪುಟದ ಆ ಕರಾರನ್ನು ಓದಿದಾಗ ನಮಗೆ ಎಲ್ಲೋ ಓದಿದ ಹಳೆಯ ಪಾಠದಂತೆ ಕಂಡದ್ದು ಈ ಕಾರಣಕ್ಕೆ.

ಕೆಳಕ್ಕೆ ಇಳಿಯುತ್ತ ಹೋಗೋಣ. ಕಂಪನಿ ತನ್ನ ಅಪಾಯವನ್ನು ಅಂಗಡಿಯವನ ಮೇಲೆ ಹಾಕಿತು. ಅಂಗಡಿಯವನು ಏನು ಮಾಡುತ್ತಾನೆ? ಹತ್ತು ಜನ ಕೆಲಸಗಾರರಿದ್ದರೆ ಇಎಸ್‌ಐ ಕಡ್ಡಾಯ; ಮಾಲೀಕ ಪಗಾರದ ಶೇ. 3.25, ಕೆಲಸಗಾರ ಶೇ. 0.75 ಕಟ್ಟಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ಹತ್ತರ ಗೆರೆಯನ್ನು ಇಟ್ಟುಕೊಂಡಿದೆ. ಹತ್ತಕ್ಕಿಂತ ಕಡಿಮೆಯಿದ್ದರೆ ಮಾಲೀಕನೂ ಕೆಲಸಗಾರರೂ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗಾಗಿ ಲೆಕ್ಕದ ಪುಸ್ತಕದಲ್ಲಿ ಒಂಬತ್ತೇ ಜನರಿರುವ ಅಂಗಡಿಗಳು ಹುಟ್ಟುತ್ತವೆ. ಪಾತ್ರೆ ತೊಳೆಯುವವಳು ದಿನಗೂಲಿ, ನೆಲ ಒರೆಸುವವನು ಗುತ್ತಿಗೆದಾರನ ಆಳು, ಪಾರ್ಸಲ್ ಒಯ್ಯುವವನು ಇನ್ನೊಂದು ಕಂಪನಿಯ ‘ಪಾಲುದಾರ’. ಪಾಲು ಯಾವುದು, ದಾರಿ ಯಾವುದು ಆ ಹುಡುಗನಿಗೇ ಗೊತ್ತಿಲ್ಲ. ಈ ಕೊನೆಯವರ ಸಲುವಾಗಿ ಕರ್ನಾಟಕ ಸರ್ಕಾರ 2025ರಲ್ಲಿ ಒಂದು ಕಾಯ್ದೆ ತಂದಿತು. ಪ್ರತಿ ಸಾಗಣೆಯಲ್ಲಿ ಕೆಲಸಗಾರನಿಗೆ ಸಂದಾಯವಾಗುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ವಸೂಲಿ ಮಾಡುವ ಕಾಯ್ದೆ. ಹೊಣೆಯನ್ನು ಮೇಲಕ್ಕೆ ತಿರುಗಿಸುವ ಪ್ರಯತ್ನ ಅಂತಾದರೂ ಅದನ್ನು ಒಪ್ಪಬೇಕು. ಒಳಗೆ ಎಣ್ಣೆಯ ಬಾಣಲೆಯ ಮುಂದೆ ನಿಂತವನಿಗೆ ಅಂಥದ್ದು ಏನೂ ಇಲ್ಲ.

2018ರ ಜನವರಿ 8ರ ಬೆಳಗಿನ ಜಾವ ಬೆಂಗಳೂರಿನ ಕಲಾಸಿಪಾಳ್ಯದ ಒಂದು ಬಾರ್ ಅಂಡ್ ರೆಸ್ಟೋರೆಂಟಿಗೆ ಬೆಂಕಿ ಬಿತ್ತು. ಒಳಗೆ ಮಲಗಿದ್ದ ಐದು ಜನ ಕೆಲಸಗಾರರು ಸತ್ತರು. ತುಮಕೂರು, ಹಾಸನ, ಮಂಡ್ಯ ಕಡೆಯ ಬಡವರು. ಅವರು ಅಲ್ಲೇ ಯಾಕೆ ಮಲಗಿದ್ದರು? ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಬೇರೆ ಮಲಗುವಷ್ಟು ಪಗಾರ ಹೋಟೆಲು ಕೆಲಸದಲ್ಲಿ ಹುಟ್ಟುವುದಿಲ್ಲ, ಅದಕ್ಕೆ. ಟೇಬಲ್ಲು ಸರಿಸಿ ಮಲಗುವುದು ನಮ್ಮ ಹೋಟೆಲು ಹುಡುಗರ ಪಾಲಿಗೆ ಕೆಲಸದ ಒಂದು ಭಾಗ. ಬೆಂಕಿಯ ವಿಮೆಯ ಕಾಗದದಲ್ಲಿ ಟೇಬಲ್ಲಿಗೆ ಒಂದು ಬೆಲೆ ಬರೆದಿರುತ್ತದೆ, ಫ್ರಿಜ್ಜಿಗೆ ಒಂದು ಬೆಲೆ ಬರೆದಿರುತ್ತದೆ. ಟೇಬಲ್ಲಿನ ಪಕ್ಕದಲ್ಲಿ ಮಲಗಿದವನು ಅಲ್ಲಿ ಮಲಗಿದ್ದಾನೆಂಬುದೇ ಬರೆದಿರುವುದಿಲ್ಲ.

ಸಿಲಿಂಡರಿನ ಮಾತೂ ಹೀಗೆಯೇ. ಮನೆಯ ಸಿಲಿಂಡರು 14.2 ಕಿಲೋದ್ದು, ಹೋಟೆಲಿನದು 19 ಕಿಲೋದ್ದು. ನೋಂದಾಯಿಸಿದ ಗ್ರಾಹಕನ ಜಾಗದಲ್ಲಿ ಗ್ಯಾಸಿನಿಂದ ಅವಘಡವಾದರೆ ಎಣ್ಣೆ ಕಂಪನಿಗಳು ಮಾಡಿಸಿಟ್ಟ ವಿಮೆಯಿಂದ ಪರಿಹಾರ ಬರುತ್ತದೆ. ಇದು ಹಳ್ಳಿಗಳಲ್ಲಿ ಬಹಳ ಜನಕ್ಕೆ ತಿಳಿಯದ ವಿಷಯ. ಆದರೆ ಮನೆಯ ಸಿಲಿಂಡರನ್ನು ಗಿರ್ಮಿಟ್, ಮಿರ್ಚಿ ಗಾಡಿಗೆ ಹಚ್ಚಿದರೆ ಅದು ಕಾನೂನಿಗೆ ವಿರುದ್ಧ, ಪರಿಹಾರದ ಮಾತು ಅಲ್ಲಿಗೇ ನಿಂತಂತೆ. ಬಡವನು ಸೋವಿ ಸಿಲಿಂಡರು ಹಚ್ಚುವುದು ಬಡತನಕ್ಕೆ. ಅದೇ ಬಡತನ ಅವನನ್ನು ರಕ್ಷಣೆಯ ಹೊರಗೆ ನಿಲ್ಲಿಸುತ್ತದೆ.

ಇಲ್ಲಿ ವಿಮೆಯ ತತ್ವದ ಬುಡಕ್ಕೇ ಹೋಗಬೇಕಾಗುತ್ತದೆ. ವಿಮೆ ನಿಂತಿರುವುದು ಆಕಸ್ಮಿಕ ಎಂಬ ಪದದ ಮೇಲೆ. ಆಗಬಹುದು, ಆಗದಿರಬಹುದು, ಸಾವಿರ ಜನರಲ್ಲಿ ಯಾರಿಗೆ ಆಗುತ್ತದೋ ಗೊತ್ತಿಲ್ಲ, ಅದಕ್ಕೇ ಸಾವಿರ ಜನ ಕೂಡಿ ಕಟ್ಟುತ್ತಾರೆ. ಆದರೆ ಯಾರಿಗೆ ಆಗುತ್ತದೆಂದು ಮೊದಲೇ ಗೊತ್ತಿದ್ದರೆ ಅದನ್ನು ಆಕಸ್ಮಿಕ ಎನ್ನಬಹುದೇ? ಅಡುಗೆಮನೆಯಲ್ಲಿ ಯಾರ ಕೈ ಸುಡುತ್ತದೆ, ಗಲ್ಲಾದ ಮೇಲೆ ಕುಳಿತವನದೋ ಬಾಣಲೆಯ ಮುಂದೆ ನಿಂತವನದೋ? ಎಲ್ಲರಿಗೂ ಗೊತ್ತಿರುವ ಉತ್ತರ. ಮನುಷ್ಯರು ಮೊದಲೇ ಹಂಚಿಟ್ಟ ಅಪಾಯಕ್ಕೆ ದೇವರ ಹೆಸರನ್ನೋ ಹಣೆಬರಹದ ಹೆಸರನ್ನೋ ಕೊಡುವುದು ಪುರೋಹಿತಶಾಹಿಯ ಹಳೆಯ ಕಸುಬು. ಅದಕ್ಕೇ ಆಕಸ್ಮಿಕ ಎಂಬ ಹೆಸರು ಕೊಡುವುದು ಆಫೀಸಿನವರ ಹೊಸ ಕಸುಬು.

ನಮ್ಮ ಗೆಳೆಯನ ಅಂಗಡಿಯ ಅತಿ ದೊಡ್ಡ ಅಪಾಯ ಯಾವುದು ಎಂದು ಅವನನ್ನೇ ಕೇಳಿದೆವು. ಬೆಂಕಿ ಅನ್ನಲಿಲ್ಲ ಅವನು. ‘ಅಂಗಡಿ ಯಾರದಂತ ಗೊತ್ತಾದ್ರ ಮಂದಿ ಬರ್ತಾರೇನ್ರಿ?’ ಎಂದ. ಅವನು ತನ್ನ ಹೆಸರಿನಲ್ಲೇ ಒಂದು ಖಾನಾವಳಿ ಇಡಬಹುದಿತ್ತು. ಅವರವ್ವ ಮಾಡುವ ರೊಟ್ಟಿ, ಬದನಿಕಾಯಿ ಪಲ್ಯದ ರುಚಿ ಉಂಡವರಿಗೆ ಗೊತ್ತು. ಇಡಲಿಲ್ಲ. ಕಂಪನಿಯ ಹೆಸರಿಗೆ ಜಾತಿಯಿಲ್ಲ ಎಂಬ ಕಾರಣಕ್ಕೇ ಅವನು ಅಷ್ಟು ದುಬಾರಿ ಗಂಟು ಕೊಟ್ಟು ಆ ಹೆಸರನ್ನು ಲಾವಣಿಗೆ ಹಿಡಿಯಲು ಹೊರಟದ್ದು. ಎಂದರೆ ಆ ಬೋರ್ಡೇ ಅವನ ನಿಜವಾದ ವಿಮೆ, ಕಂಪನಿಗೆ ಕೊಡುವ ಪಾಲೇ ಅದರ ಕಂತು!

ಹೋಟೆಲಿನ ಬೋರ್ಡಿಗೆ ಜಾತಿ ಅಂಟಿಕೊಂಡದ್ದು ಈಚೆಗೇನಲ್ಲ. ‘ಬ್ರಾಹ್ಮಣರ ಫಳಾರದ ಹೋಟೆಲು’, ‘ಲಿಂಗಾಯತ ಖಾನಾವಳಿ’ ಎಂಬ ಬೋರ್ಡುಗಳನ್ನು ನಮ್ಮ ಉತ್ತರ ಕರ್ನಾಟಕದ ಪೇಟೆಗಳಲ್ಲಿ ನೋಡದವರು ಯಾರಿದ್ದಾರೆ? ಅವೂ ಒಂದು ಬಗೆಯ ಫ್ರಾಂಚೈಸಿಗಳೇ; ಕರಾರು ಪತ್ರವಿಲ್ಲದ, ಹುಟ್ಟಿನಿಂದಲೇ ಸಿಗುವ ಫ್ರಾಂಚೈಸಿಗಳು. 1957ರಲ್ಲಿ ಪೆರಿಯಾರರು ಮದ್ರಾಸಿನಲ್ಲಿ ಹೋಟೆಲ್ ಬೋರ್ಡಿನ ‘ಬ್ರಾಹ್ಮಣ’ ಪದವನ್ನು ತೆಗೆಸಲು ಚಳವಳಿಯನ್ನೇ ಹೂಡಿದರು. ಸಂವಿಧಾನದ 15 ಮತ್ತು 17ನೇ ವಿಧಿಗಳೂ, 1955ರ ಕಾಯ್ದೆಯೂ ಹೋಟೆಲಿನ ಬಾಗಿಲನ್ನು ಗಿರಾಕಿಯಾಗಿ ಹೋಗುವ ದಲಿತನಿಗೆ ತೆರೆದವು. ಮಾಲೀಕನಾಗಿ ಕುಳಿತ ದಲಿತನ ಹೋಟೆಲಿಗೆ ಗಿರಾಕಿ ಬರದಿದ್ದರೆ ಯಾವ ಕಾಯ್ದೆ? ‘ನನಗೆ ಹಸಿವಿಲ್ಲ’ ಎಂದರೆ ಮುಗಿಯಿತು. ಲಾಭ ಹೋದದ್ದಕ್ಕೆ ಕೊಡುವ ವಿಮೆಯಿದೆಯಲ್ಲ, ಅದು ಸಿಗುವುದು ಬೆಂಕಿಯೋ ನೆರೆಯೋ ಬಂದು ಅಂಗಡಿಗೆ ಧಕ್ಕೆಯಾದಾಗ ಮಾತ್ರ. ಒಂದು ಇಟ್ಟಿಗೆ ಅಲುಗದೆ, ಒಂದು ಗಾಜು ಒಡೆಯದೆ, ಊರು ಊರೇ ಸುಮ್ಮನೆ ಮಗ್ಗಲು ಬದಲಿಸಿ ಪಕ್ಕದ ಅಂಗಡಿಗೆ ಹೋದರೆ ಅದು ವಿಮೆಯ ಪಟ್ಟಿಯಲ್ಲಿ ನಷ್ಟವೇ ಅಲ್ಲ.

ಇದು ಉತ್ಪ್ರೇಕ್ಷೆ ಎನ್ನುವವರು ಶಾಲಾ ಮಾಸ್ತರರನ್ನು ಕೇಳಬೇಕು. ಕೋಲಾರ ಜಿಲ್ಲೆಯ ಕಗ್ಗನಹಳ್ಳಿಯ ಸರ್ಕಾರಿ ಶಾಲೆಯಲ್ಲಿ ದಲಿತ ಹೆಣ್ಣುಮಗಳು ಬಿಸಿಯೂಟದ ಮುಖ್ಯ ಅಡುಗೆಯವರಾದ ಮೇಲೆ ಹೆಚ್ಚಿನ ಮಕ್ಕಳು ಶಾಲೆಯನ್ನೇ ಬಿಟ್ಟರೆಂದು 2015ರಲ್ಲಿ ಪತ್ರಿಕೆಗಳು ಬರೆದವು. ಪುಕ್ಕಟೆ ಊಟವನ್ನೇ ಬಿಟ್ಟು ಹೋಗುವ ಜನ ರೊಕ್ಕ ಕೊಟ್ಟು ತಿನ್ನುತ್ತಾರೆಯೇ? ಎಣಿಸಿ ಲೆಕ್ಕ ಹಾಕಬಹುದಾದ ನಷ್ಟ ಇದು. ಆದರೆ ಯಾವ ವಿಮಾ ಗಣಿತಜ್ಞನೂ ಇದರ ಕೋಷ್ಟಕ ಮಾಡಿಲ್ಲ. ಮಾಡುವುದೂ ಬೇಡ. ಅಸ್ಪೃಶ್ಯತೆಗೆ ಪಾಲಿಸಿ ಕೊಡಿ ಎಂದು ನಾವು ಕೇಳುತ್ತಿಲ್ಲ. ಕಂತು ಕಟ್ಟಿ ಸಹಿಸಿಕೊಳ್ಳುವ ಅವಮಾನ ನಮಗೆ ಬೇಕಾಗಿಲ್ಲ. ಬೋರ್ಡಿನ ಹಿಂದೆ ಅಡಗಿಕೊಂಡು ಗಳಿಸಿದ ಗೌರವ ಎಷ್ಟು ದಿನದ್ದು ಎಂಬುದು ನಮ್ಮನ್ನು ಕೊರೆಯುವ ಪ್ರಶ್ನೆ. ಗೆಳೆಯ ಹೇಳುತ್ತಾನೆ: ‘ಮೊದಲ ಹೊಟ್ಟಿ, ಆಮ್ಯಾಲ ಗೌರವ.’ ಅವನ ಮಾತನ್ನು ತಳ್ಳಿಹಾಕುವ ಹಕ್ಕು ಹೊಟ್ಟೆ ತುಂಬಿದ ನಮ್ಮಂಥ ಬರಹಗಾರರಿಗೆ ಇಲ್ಲ. ಒಪ್ಪಿಬಿಡುವ ಮನಸ್ಸೂ ಇಲ್ಲ.

ಅವನಿಗೆ ನಾವು ಹೇಳಿದ್ದು ಒಂದೇ. ನಾಲ್ಕು ಪುಟದ ಆ ಪಟ್ಟಿಯಲ್ಲಿ ನಿನ್ನ ಅಂಗಡಿಯ ಪಾತ್ರೆ ತೊಳೆಯುವವರು, ನೆಲ ಒರೆಸುವವರು ಎಲ್ಲಿದ್ದಾರೆ ಎಂದು ಕಂಪನಿಯವರನ್ನು ಕೇಳು. ಕೇಳಿದನಂತೆ. ಬಂದ ಉತ್ತರ: ‘ಅದು ನಿಮಗೆ ಬಿಟ್ಟದ್ದು.’ ಎಣ್ಣೆ ಎಷ್ಟು ಕಾಯಬೇಕು ಎಂಬುದು ಅವನಿಗೆ ಬಿಟ್ಟದ್ದಲ್ಲ, ಗೋಡೆಯ ಬಣ್ಣ ಅವನಿಗೆ ಬಿಟ್ಟದ್ದಲ್ಲ, ಕೆಲಸದ ಹುಡುಗ ತೊಡುವ ಟೊಪ್ಪಿಗೆಯೂ ಅವನಿಗೆ ಬಿಟ್ಟದ್ದಲ್ಲ. ಟೊಪ್ಪಿಗೆಯ ಕೆಳಗಿನ ತಲೆ ಮಾತ್ರ ಅವನಿಗೆ ಬಿಟ್ಟದ್ದು.

ನಮ್ಮ ರಾಜ್ಯದ ಚಳವಳಿಗಳಿಗೂ ಇಂಥ ಅಂಗಡಿಗಳಿಗೂ ಹಳೆಯ ಜಗಳವಿದೆ. ಕೆಂಟಕಿ ಫ್ರೈಡ್ ಚಿಕನ್ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು 1995ರಲ್ಲಿ, ಬೆಂಗಳೂರಿನಲ್ಲಿ. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಅದಕ್ಕೆ ನುಗ್ಗಿ ಗಾಜು ಒಡೆದರು. ಬಹುರಾಷ್ಟ್ರೀಯ ಕಂಪನಿ ನಮ್ಮ ಬೀಜ, ನಮ್ಮ ಕೋಳಿ, ನಮ್ಮ ತಟ್ಟೆಗೆ ಕೈ ಹಾಕುತ್ತದೆಂಬ ಅವರ ಪ್ರಶ್ನೆ ದೊಡ್ಡದು, ಇಂದಿಗೂ ಉತ್ತರವಿಲ್ಲದ್ದು. ಆದರೆ ದೊಂಬಿಯ ನಷ್ಟ ಬೆಂಕಿ ವಿಮೆಯಲ್ಲೇ ಸೇರುವಂಥದ್ದು, ಗಾಜು ಒಂದು ವಾರದಲ್ಲಿ ಮತ್ತೆ ಬರುವಂಥದ್ದು. ಬೋರ್ಡು ಯಾವ ದೇಶದ್ದು ಎಂಬುದರ ಜೊತೆಗೆ ಬೋರ್ಡಿನ ಹಿಂದೆ ನೆಲ ಒರೆಸುವವನು ಯಾವ ಕೇರಿಯವನು ಎಂದೂ ಕೇಳಿದ್ದರೆ ಆ ಪ್ರಶ್ನೆಗೆ ಕಂಪನಿ ವಿಮೆ ಮಾಡಿಸಲು ಆಗುತ್ತಿರಲಿಲ್ಲ. ದೇಸಿ ಬೋರ್ಡಿನ ಹೋಟೆಲುಗಳಿಗೂ ಆ ಪ್ರಶ್ನೆಯಿಂದ ಬಿಡುಗಡೆ ಇರುತ್ತಿರಲಿಲ್ಲ.

ಹಳ್ಳಿಯಲ್ಲಿ ಇಂಥ ಕಾಗದದ ವಿಮೆ ಬೇಕಿರಲಿಲ್ಲ, ಮುಯ್ಯಿ ಇತ್ತು, ಒಬ್ಬರಿಗೊಬ್ಬರು ಆಗುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಮುಯ್ಯಿ ಇತ್ತು, ನಿಜ. ಒಕ್ಕಲುತನದಲ್ಲಿ ಮುಯ್ಯಾಳು, ಮದುವೆಯಲ್ಲಿ ಮುಯ್ಯಿ, ಬಣವೆ ಸುಟ್ಟರೆ ಮನೆಗೊಂದು ಹೊರೆ ಮೇವು. ಆದರೆ ಆ ಹೊರೆ ಮೇವು ಕೇರಿಯ ಗಡಿ ದಾಟಿ ಬಂದದ್ದನ್ನು ನಾವು ಕಂಡಿಲ್ಲ, ನಮ್ಮ ಅಪ್ಪಂದಿರೂ ಕಂಡಿಲ್ಲ. ಕೇರಿಯೊಳಗೆ ಕೇರಿಯವರೇ ಮಾಡಿಕೊಂಡ ಮುಯ್ಯಿ ಬೇರೆ ಮಾತು; ಅದು ಬಡವರು ಬಡವರಿಗೆ ಕಟ್ಟಿದ ಕಂತು.

ಯಲವಿಗಿ ಸ್ಟೇಷನ್ನಿನ ಕಡೆ ಒಮ್ಮೆ ನೋಡಿ. ಹುಬ್ಬಳ್ಳಿ–ಹಾವೇರಿ ಹಳಿಯ ಮೇಲಿನ ಸಣ್ಣ ನಿಲ್ದಾಣ. ಗದಗಿನಿಂದ ಲಕ್ಷ್ಮೇಶ್ವರದ ಮೇಲೆ ಇಲ್ಲಿಗೆ ಹೊಸ ರೈಲು ಮಾರ್ಗ ಬೇಕೆಂಬ ಬೇಡಿಕೆ ಬಹಳ ವರ್ಷಗಳದು. ಮಾರ್ಗ ಬಂದರೆ ಜಂಕ್ಷನ್ ಆಗುತ್ತದೆ, ಜಂಕ್ಷನ್ ಆದರೆ ಬೋರ್ಡಿನ ಅಂಗಡಿಗಳೂ ಬರುತ್ತವೆ. ಇಂಥ ಊರುಗಳಲ್ಲಿ ಬುಟ್ಟಿ ಹೊತ್ತು ಮಂಡಕ್ಕಿ, ಮಿರ್ಚಿ, ಶೇಂಗಾ ಮಾರಿ ಬದುಕುವವರಿಗೆ ಏನಿದೆ? ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂದಿತು. ಅದು ನಗರ ಪ್ರದೇಶಗಳಿಗೆ ಮಾತ್ರ. ಗ್ರಾಮ ಪಂಚಾಯಿತಿಯ ಊರಿಗೆ ಅನ್ವಯಿಸುವುದಿಲ್ಲ. ರೈಲ್ವೆಯ ಜಾಗಕ್ಕೂ ರೈಲುಗಾಡಿಗೂ ಅನ್ವಯಿಸುವುದಿಲ್ಲ ಎಂದು ಕಾಯ್ದೆಯ ಮೊದಲನೇ ಕಲಮಿನಲ್ಲೇ ಬರೆದಿದೆ. ಹಳ್ಳಿಯಲ್ಲಿ ನಿಂತರೂ ಹೊರಗೆ, ಪ್ಲಾಟ್‌ಫಾರಮ್ಮಿಗೆ ಹತ್ತಿದರೂ ಹೊರಗೆ.

ವಿಮೆಯ ಭಾಷೆಯಲ್ಲಿ ಮೊದಲನೆಯವನು ವಿಮೆ ಮಾಡಿಸಿದವನು, ಎರಡನೆಯವನು ವಿಮಾ ಕಂಪನಿ, ಮೂರನೆಯವನು ಹಾನಿಗೊಳಗಾದ ಹೊರಗಿನವನು. ಮೂರನೆಯವನು ಎಂದಾಗ ಎಲ್ಲರ ಕಣ್ಣ ಮುಂದೆ ಬರುವುದು ಗಿರಾಕಿ. ಅಂಗಡಿಯ ಹಿತ್ತಲಿಗೆ ಹೋಗಿ ನೋಡಿದರೆ ಅಲ್ಲಿ ಒಂದು ಗುಂಡಿ ಇರುತ್ತದೆ. ಕರಿದ ಎಣ್ಣೆಯ ಜಿಡ್ಡು, ತೊಳೆದ ನೀರು, ಸಂಡಾಸಿನದು ಎಲ್ಲ ಹೋಗಿ ಸೇರುವ ಗುಂಡಿ. ಅದು ಕಟ್ಟಿಕೊಂಡಾಗ ಒಬ್ಬನನ್ನು ಕರೆಸುತ್ತಾರೆ. ಅವನು ಯಾವ ಜಾತಿಯವನೆಂದು ಇಲ್ಲಿ ಬರೆಯಬೇಕೇ? 2013ರ ಕಾಯ್ದೆಯ ಪ್ರಕಾರ ಮನುಷ್ಯನನ್ನು ಒಳಚರಂಡಿಗೋ ಶೌಚಗುಂಡಿಗೋ ಅಪಾಯಕಾರಿಯಾಗಿ ಇಳಿಸುವುದು ಅಪರಾಧ. ಅಪರಾಧವಾದ್ದರಿಂದ ಯಾವ ಮಾಲೀಕನೂ ಅವನ ಹೆಸರನ್ನು ಪಾಲಿಸಿಯಲ್ಲಿ ಬರೆಸುವುದಿಲ್ಲ. ಬರೆಸಿದರೆ ಅಪರಾಧ ಒಪ್ಪಿಕೊಂಡಂತೆ. ಅವನನ್ನು ಕಾಯಬೇಕಾದ ಕಾನೂನೇ ಅವನನ್ನು ಕಾಗದದಿಂದ ಅಳಿಸುವುದಕ್ಕೆ ಮಾಲೀಕನಿಗೆ ನೆಪವಾಗುತ್ತದೆ. ಹಾಗೆ ಸತ್ತವನ ಮನೆಯವರಿಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು; 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಬೇಕಾದದ್ದೇ. ಆದರೆ ಅದು ಬರುವುದು ಹೆಣದ ಹಿಂದೆ.

ಯಲವಿಗಿಯ ತಾಲೂಕು ಊರು ಸವಣೂರು. ಎಲೆ ಬಳ್ಳಿಗೆ, ಖಾರಕ್ಕೆ, ದೊಡ್ಡಹುಣಸೆ ಮರಗಳಿಗೆ ಹೆಸರಾದ ಊರು. 2010ರ ಜುಲೈಯಲ್ಲಿ ಅಲ್ಲಿಯ ಭಂಗಿ ಸಮುದಾಯದವರು ತಮ್ಮನ್ನು ವಾಸದ ಜಾಗದಿಂದ ಎಬ್ಬಿಸುವುದರ ವಿರುದ್ಧ ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಇಡೀ ರಾಜ್ಯ ಮೂಗು ಮುಚ್ಚಿಕೊಂಡು ಓದಿದ ಸುದ್ದಿ ಅದು. ತಲೆಮಾರುಗಳಿಂದ ಊರಿನ ಹೊಲಸನ್ನು ಹೊತ್ತವರು, ಎಲ್ಲ ಅಪಾಯವೂ ಕೆಳಗಿಳಿದು ಬಂದು ಕೊನೆಗೆ ಎಲ್ಲಿ ನಿಲ್ಲುತ್ತದೆಂದು ಆ ದಿನ ಬೀದಿಯಲ್ಲಿ ನಿಂತು ತೋರಿಸಿದರು. ಮೂರನೆಯವನು ಯಾರು ಎಂದು ಪಾಲಿಸಿ ಬರೆಯುವವರಿಗೆ ತಿಳಿಯದಿದ್ದರೆ ಹುಬ್ಬಳ್ಳಿಯಿಂದ ಸವಣೂರು ದೂರವೇನಲ್ಲ.

ಹಳ್ಳಿಯ ಮಾಸ್ತರರಿಗೆ, ಓದುವ ಹುಡುಗರಿಗೆ ಒಂದು ಮಾತು ಉಳಿದಿದೆ. ಯಲವಿಗಿಯಂಥ ಸ್ಟೇಷನ್ನುಗಳಲ್ಲಿ ರೈಲು ಹತ್ತಿ ಹೋಟೆಲು ಕೆಲಸಕ್ಕೆ ಹೋಗುವ ಹುಡುಗರು ನಿಮ್ಮ ಶಾಲೆಯಲ್ಲಿ ಕಲಿತವರೇ. ಹೋಗುವವನ ಕೈಯಲ್ಲಿ ಬ್ಯಾಂಕಿನ ಪಾಸ್‌ಬುಕ್ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. ಅವಘಡದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ಸಣ್ಣ ಮೊತ್ತ, ಮಾಲೀಕನ ಹೊಣೆಯನ್ನು ಅದು ತೀರಿಸುವುದಿಲ್ಲ. ಅಂಗಡಿಯ ಹೆಸರು, ಮಾಲೀಕನ ಹೆಸರು, ನಡುವೆ ಗುತ್ತಿಗೆದಾರನಿದ್ದರೆ ಅವನ ಹೆಸರು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಿ. ಪಗಾರ 21,000 ರೂಪಾಯಿಯೊಳಗಿದ್ದು ಅಂಗಡಿಯಲ್ಲಿ ಹತ್ತು ಜನರಿದ್ದರೆ ಇಎಸ್‌ಐ ನಂಬರು ಕೇಳಿ ಬರೆಸಿಕೊಳ್ಳಲು ಹೇಳಿ. ಗುತ್ತಿಗೆದಾರನ ಆಳಾದರೂ, ಅಂಗಡಿಯ ರೂಢಿಯ ಕೆಲಸವನ್ನೇ ಮಾಡುತ್ತಿದ್ದರೆ ಅಂಗಡಿಯ ಮಾಲೀಕನೇ ಪರಿಹಾರಕ್ಕೆ ಹೊಣೆ ಎಂದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೇ ಇತ್ತು. ಹೊಸ ಸಂಹಿತೆಯಲ್ಲೂ ಇದೆ. ಅರ್ಜಿ ಹಾಕಲು ಎರಡು ವರ್ಷದ ಅವಧಿ. ‘ನನಗೆ ಪರಿಹಾರ ಬೇಡ’ ಎಂದು ಮೊದಲೇ ಬರೆಸಿಕೊಂಡ ಸಹಿಗೆ ಕಾನೂನಿನಲ್ಲಿ ಬೆಲೆಯಿಲ್ಲ.